ಹಿತ್ತಲಲ್ಲಿ ಉಳಿದ ಮಣ್ಣು

೩ ಫೆಬ್ರವರಿ ೧೯೨೭, ಗುರುವಾರ
ಇವತ್ತೂ ಅನ್ನದಲ್ಲಿ ಮಣ್ಣು. ಅಣ್ಣ ನಡುಮನೆಯ ಗೋಡೆ ಒಡೆಸುತ್ತಿದ್ದಾನೆ. ಆಫೀಸ್ ರೂಮ್ ಬೇಕಂತೆ ವಕೀಲ ಸಾಹೇಬರಿಗೆ. ಕಲ್ಲು, ಮಣ್ಣು, ಮುರಿದ ತೊಲೆ, ಎಲ್ಲ ಹಿತ್ತಲಿಗೆ. ಗಂಡ ಹೋಗಿ ತವರಿಗೆ ಬಂದಾಗಿನಿಂದ ನನಗಿರುವುದು ಹಿತ್ತಲೊಂದೇ. ತಲೆಬಾಗಿಲಿಗೆ ಹೋಗುವಂತಿಲ್ಲ — ಅಣ್ಣ ಕೋರ್ಟಿಗೆ ಹೊರಟಾಗ ವಿಧವೆ ಎದುರಾದರೆ ಕೇಸು ಸೋಲುತ್ತದಂತೆ. ಸೋತದ್ದಕ್ಕೆಲ್ಲ ನಾನು ಹೊಣೆ. ಗೆದ್ದದ್ದು ಅವನ ಬುದ್ಧಿ.

೪, ಶುಕ್ರವಾರ
ಗಾಡಿಯಾಳು ಪಕ್ಕೀರಪ್ಪ ಮಣ್ಣು ಹೇರಿದ. ಎಲ್ಲಿಗೆ ಅಂತ ಕೇಳಿದೆ.
"ಕಾಲುವಿಗ್ರೀ ಅವ್ವಾ. ಎಲ್ರೂ ಅಲ್ಲೇ ಸುರೀತಾರ."
ನನ್ನ ನಾಲಿಗೆ ಸುಮ್ಮನಿದ್ದೀತೆ? ಪಂಚಾಯತಿಯ ನೋಟೀಸ್ ಅಣ್ಣನ ಮೇಜಿನ ಮೇಲೆ ಓದಿದ್ದೆ. ಮನೆ ಒಡೆದ ಮಣ್ಣು ಕಾಲುವೆಗೋ ಓಣಿಗೋ ಹಾಕಿದರೆ ದಂಡ. ಕೆಳಗಿನವರು ಕುಡಿಯುವುದೂ ಅದೇ ನೀರು. ಹೇರಿದ್ದನ್ನೆಲ್ಲ ವಾಪಸ್ ಇಳಿಸಲು ಹೇಳಿದೆ.
ಸಂಜೆ ಅಣ್ಣ ತನ್ನ ಹೆಂಡತಿಗೆ, ನಮ್ಮ ವೈನಿಗೆ, ಹೇಳಿದ: "ನೋಡು, ಇಂದಿರಾ ಓದಿದ್ದು ಉಪಯೋಗಕ್ಕ ಬಂತು. ವಕೀಲನ ಮನಿಗೇ ದಂಡ ಬಿದ್ದಿದ್ರ ಮರ್ಯಾದಿ ಏನು ಉಳೀತಿತ್ತು?"
ಉಬ್ಬಿಹೋದೆ. ಹೊಗಳಿಕೆ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ.

೭, ಸೋಮವಾರ
ಹಿತ್ತಲ ಬಾಗಿಲಿಗೆ ಹಾಲು ತಂದ ಪಂಪಮ್ಮ ರಾಶಿ ನೋಡಿ ನಿಂತಳು.
"ಹಳೇ ಗ್ವಾಡಿ ಮಣ್ಣು ಹೊಲಕ್ಕ ಭಾಳ ಚಲೋರಿ. ನನಗ ಕೊಡ್ರಿ. ಎತ್ತು ಕಬ್ಬು ಹೊಡ್ಯಾಕ ಹೋಗ್ಯಾವ, ಬಂದ ಕೂಡ್ಲೇ ಒಯ್ತೀನಿ."
ಅಣ್ಣ ಒಪ್ಪಿದ. ದಂಡವೂ ಇಲ್ಲ, ಪಾಪವೂ ಇಲ್ಲ. ಹೋಗುವಾಗ ಪಂಪಮ್ಮ ಮೆಲ್ಲಗೆ ಅಂದಳು — ಹೆಣ್ಣುಮಕ್ಕಳ ಶಾಲೆಯ ಟೀಚರಮ್ಮ ನನ್ನನ್ನು ನೋಡಬೇಕಂತೆ. ಅಲ್ಲಿಗೂ ಇವಳದೇ ಹಾಲು.

೧೧, ಶುಕ್ರವಾರ
ಟೀಚರಮ್ಮ ಬಂದಿದ್ದರು. ಮಣ್ಣಿನ ರಾಶಿಯ ಮರೆಯಲ್ಲಿ ನಿಂತೇ ಮಾತು. ನನಗೆ ಬಳ್ಳಾರಿಯಲ್ಲಿ ಟೀಚರ್ ಟ್ರೇನಿಂಗ್ ಕೊಡಿಸುತ್ತಾರಂತೆ, ಆಮೇಲೆ ಇಲ್ಲೇ ಶಾಲೆಯಲ್ಲಿ ಕೆಲಸ.
"ಪಂಪಮ್ಮನ ಕೈಲಿ ಹೂಂ ಅಂತ ಹೇಳಿ ಕಳಸ್ರಿ, ಸಾಕು. ನಾನೇ ಬಂದು ಕರಕೊಂಡು ಹೋಗ್ತೀನಿ."
ಆಸೆ. ಅದಕ್ಕಿಂತ ಹೆಚ್ಚು ಹೆದರಿಕೆ. ಎರಡು ದಿನ ಕೊಡಿ ಅಂದೆ. ಮೂರ್ಖಿ ನಾನು, ಅಲ್ಲೇ ಹೂಂ ಅನ್ನಬಾರದಿತ್ತೆ?
ರಾಶಿಯ ಆಚೆ ಬಳೆಯ ಸದ್ದಾಯಿತು. ವೈನಿ ಬಟ್ಟೆ ಒಣಹಾಕುತ್ತಿದ್ದಳು. ಎಷ್ಟು ಕೇಳಿಸಿಕೊಂಡಳೋ...

೧೬, ಬುಧವಾರ
ಬರೆಯಲು ಮನಸ್ಸಾಗಿರಲಿಲ್ಲ. ಹಾಲು ಈಗ ವೈನಿಯೇ ತೆಗೆದುಕೊಳ್ಳುತ್ತಾಳೆ; ಪಂಪಮ್ಮನ ಕೈಲಿ ಮಾತು ಕಳಿಸಲು ಆಗಿಲ್ಲ. ಅಣ್ಣ ಬೈಯಲಿಲ್ಲ. ಇವತ್ತು ಊಟಕ್ಕೆ ಕೂತು, ಮಜ್ಜಿಗೆ ಕೇಳುವ ದನಿಯಲ್ಲೇ ಹೇಳಿದ:
"ಪಂಪಮ್ಮಗ ಗಾಡಿ ಬ್ಯಾಡ ಅಂದೀನಿ. ಮಣ್ಣು ಹೊರಗ ಹಾಕಬಾರದು ಅಂತ ನೀನೇ ಹೇಳಿದ್ಯಲ್ಲ. ಮನಿ ಮಣ್ಣು ಮನಿಗೇ ಇರ್ಲಿ. ಅದರಿಂದನ ಹಿತ್ತಲ ಬಾಗಿಲಕ್ಕ ಗ್ವಾಡಿ ಕಟ್ಟಿಸಿಬಿಡ್ತೀನಿ. ಕಳ್ಳರ ಕಾಟ ಭಾಳ ಆಗೇದ."
"ಹಾಲು?"
"ತಲಿಬಾಗಿಲಿಗೆ ತರ್ತಾಳ. ನಿಮ್ಮ ವೈನಿ ಇದ್ದಾಳಲ್ಲ."
ಮಜ್ಜಿಗೆ ಬಡಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ. ಕಾಲುವೆಗೆ ಹೋಗುವ ಮಣ್ಣನ್ನು ನಾನೇ ತಡೆದೆ.

೧೮, ಶುಕ್ರವಾರ, ಮಧ್ಯಾಹ್ನ
ಬಾಗಿಲು ಮುಕ್ಕಾಲು ಮುಚ್ಚಿತು. ಮಣ್ಣು ಕಲಸಲು ಬಾವಿಯಿಂದ ನೀರು ಸೇದಿಕೊಟ್ಟವಳೂ ನಾನೇ. ಅಣ್ಣ ಹೇಳಿದ, ಸೇದಿದೆ.

ಸಂಜೆ
ಮೇಲೆ ಒಂದು ಕಲ್ಲಿನ ಜಾಗ ಉಳಿದಿದೆ. ಕೆಲಸದವರು ಕೈಕಾಲು ತೊಳೆಯುತ್ತಿದ್ದಾರೆ. ಅಣ್ಣ ಹಿತ್ತಲಲ್ಲೇ ಕುರ್ಚಿ ಹಾಕಿ ಕೂತಿದ್ದಾನೆ. ಇವತ್ತು ಕೋರ್ಟಿಗೂ ಹೋಗಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಕಾಣುತ್ತಾನೆ.
ಓಣಿಯಿಂದ ಪಂಪಮ್ಮನ ದನಿ. "ಅವ್ವಾ... ಟೀಚರಮ್ಮ ನಾಳೆ ಬಳ್ಳಾರಿಗೆ ಹೊಂಟಾರ. ಏನಂತ ಹೇಳ್ಲಿ?"
ಒಂದು ಹೂಂ ಸಾಕು. ಅಷ್ಟು ಸಂದಿಯಲ್ಲಿ ಹೋಗುತ್ತದೆ.
ಮತ್ತೆ ಕರೆದಳು. ಅಣ್ಣ ಎದ್ದ. ಕಲ್ಲು ತಾನೇ ಎತ್ತಿಕೊಂಡ. ಕಿಟಕಿಯ ಕಡೆ ನೋಡುತ್ತಿದ್ದಾನೆ. ನಾನು—