ಪ್ರಸನ್ನನಿಗೆ ಕಟ್ಟಿದ ಎಕ್ಕದ ಗಿಡ

ಮಧುಗಿರಿ
೬ ಅಕ್ಟೋಬರ್ ೨೦೨೪, ಭಾನುವಾರ

ಚಿರಂಜೀವಿ ನದೀಮನಿಗೆ,

ನಿನ್ನ ಜಯರಾಮಣ್ಣನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಶುರು ಮಾಡುವುದು ವಾಡಿಕೆ. ನಾನು ಬರೆಯುವುದಿಲ್ಲ. ಇಲ್ಲಿ ಯಾರು ಕ್ಷೇಮವಾಗಿದ್ದಾರೆ, ಯಾರು ಇಲ್ಲ ಎಂದು ವಿಚಾರಿಸುವ ಮನಸ್ಸೇ ನನಗಿಲ್ಲ, ಅಷ್ಟು ಸಿಟ್ಟಿನಲ್ಲಿದ್ದೇನೆ. ನೀನೊಬ್ಬ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರೆ ಸಾಕು.

ಕಾಗದ ತಡವಾಯಿತು, ಎಕ್ಸ್‌ಕ್ಯೂಸ್ ಮಿ. ಇಂಥ ಕಡೆ ಎಕ್ಸ್‌ಕ್ಯೂಸ್ ಮಿ ಅನ್ನಬೇಕೋ ಬೆಗ್ ಯುವರ್ ಪಾರ್ಡನ್ ಅನ್ನಬೇಕೋ, ತುಮಕೂರಿನಲ್ಲಿ ಪಿಯುಸಿ ಓದುವಾಗ ಗೊತ್ತಿತ್ತು, ಈಗ ಮರೆತಿದೆ. ಎರಡನ್ನೂ ಇಟ್ಟುಕೋ. ಬಲಗಣ್ಣಿಗೆ ಎಕ್ಕದ ಹಾಲು ಸಿಡಿದು, ಡಾಕ್ಟರು ಪಟ್ಟಿ ಕಟ್ಟಿ ಕೂರಿಸಿದ್ದರು. ಈಗ ಬಿಚ್ಚಿದ್ದಾರೆ. ಆದರೂ ಅಕ್ಷರ ಸ್ವಲ್ಪ ಈಜಾಡುತ್ತವೆ, ಸಾಲು ಓರೆಯಾದರೆ ಸಹಿಸಿಕೋ. ಆ ಹಾಲು ಕಣ್ಣಿಗೆ ಹೇಗೆ ಬಿತ್ತು ಎನ್ನುವುದೇ ಈ ಕಾಗದದ ಸಬ್ಜೆಕ್ಟ್ ಮ್ಯಾಟರ್.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ್ದೆಲ್ಲ ಒಂದೇ ಟಿಕ್ಕಿಗೆ ನಿಂತುಬಿಡುತ್ತದೆ. ಅದಕ್ಕೇ ಇದನ್ನು ಅಂಟಿಸಿ, ಶಿರಾದಲ್ಲಿ ನಿಮ್ಮಕ್ಕ ಅಮೀರ್ ಬಿ ಅವರ ಕೈಗೆ ಕೊಡುತ್ತೇನೆ. ಅವರ ಓಣಿಯವರು ಯಾರೋ ಮಸ್ಕತ್ತಿಗೆ ಹೊರಟಿದ್ದಾರಂತೆ. ಓದಿದ ಮೇಲೆ ಹರಿದುಹಾಕು. ಅಲ್ಲಿಯ ಕಾನೂನು ಎಂಥದ್ದೆಂದು ನನಗೀಗ ಗೊತ್ತು.

ಹೋದ ಕಾರ್ತೀಕದಲ್ಲಿ ನನ್ನ ತಮ್ಮ ಪ್ರಸನ್ನನ ಪೆಟ್ಟಿಗೆಯ ಜೊತೆ ನೀನು ಬಂದೆ. ಬೆಂಗಳೂರಿನ ಏರ್‌ಪೋರ್ಟಿನಿಂದ ನಮ್ಮೂರಿನವರೆಗೂ ಆಂಬ್ಯುಲೆನ್ಸಿನ ಹಿಂದುಗಡೆ, ಪೆಟ್ಟಿಗೆಗೆ ಆನಿಕೊಂಡು ಕೂತು ಬಂದೆ. ಮುಂದೆ ಡ್ರೈವರ್ ಪಕ್ಕದ ಸೀಟು ಖಾಲಿ ಇತ್ತು. ಮುಚ್ಚಳ ತೆಗೆದಾಗ ಅವನ ಹಣೆಗೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿದವನೂ ನೀನೇ. ಇಷ್ಟನ್ನು ಕಣ್ಣಾರೆ ಕಂಡರೂ ನನಗೆ ಏನೂ ಹೊಳೆಯಲಿಲ್ಲ. ರೂಮ್‌ಮೇಟ್ ಅಂದಿದ್ದೆ ನೀನು, ರೂಮ್‌ಮೇಟ್ ಎಂದುಕೊಂಡೆ. ನಮ್ಮ ತಂಗಿಯ ಗಂಡ ತಿಮ್ಮರಾಜುವಂತೂ ನಿನ್ನನ್ನು ಕಂಪನಿಯ ಆಳು ಎಂದುಕೊಂಡು, "ಎಲ್ ಸೈನ್ ಹಾಕ್ಬೇಕು ತೋರ್ಸಪ್ಪ, ಹಾಕ್ತೀವಿ, ನೀನ್ ಹೊಂಟೋಗು" ಅಂದ. ಸೈನ್ ಹಾಕಿಸಿಕೊಳ್ಳುವುದಕ್ಕೆ ಅದೇನು ಕೊರಿಯರ್ ಪಾರ್ಸೆಲ್ಲೇ?

ಆಮೇಲೆ ನಮ್ಮ ಚಿಕ್ಕಪ್ಪ ಸಣ್ಣರಂಗಯ್ಯನವರು ಎದ್ದರು. ಮದುವೆಯಾಗದ ಗಂಡಸು ಸತ್ತರೆ, ಮಣ್ಣು ಮಾಡುವ ಮೊದಲು ಹೆಂಡತಿಯೆಂದು ಅವನಿಗೊಂದು ಎಕ್ಕದ ಗಿಡ ಕಟ್ಟುವುದು ನಮ್ಮವರಲ್ಲಿ ಹಿಂದಿನಿಂದ ಬಂದದ್ದು. "ಸಂಸಾರ ಕಾಣ್ದೋನು ಅಂಗೇ ಮಣ್ಣಾದ್ರೆ ಊರ್ ಸುತ್ತ ಅಲೀತಾನೆ ಕಣ್ಲಾ, ತತ್ತಾರ್ರೋ ಗಿಡವ" ಅಂದರು. ಯಾರೋ ಬೇಲಿಯಿಂದ ಬೇರು ಸಮೇತ ಕಿತ್ತು ತಂದರು. ಅದನ್ನು ಹಿಡಿದುಕೊಳ್ಳಲು ಹೆಂಗಸರು ಒಪ್ಪಲಿಲ್ಲ, ಅವರಿಗೆ ಹೆದರಿಕೆ. ಚಿಕ್ಕಪ್ಪ ಸುತ್ತ ನೋಡಿ, "ಲೇ ಸಾಬ್ರುಡುಗ, ನಿಮ್ಗೆ ಇದ್ರ ದೋಸ ತಟ್ಟಾಕಿಲ್ಲ, ನೀನ್ ಹಿಡ್ಕೊಳ್ಲಾ" ಅಂದರು.

ನೀನು ಹಿಡಿದುಕೊಂಡೆ. ಪ್ರಸನ್ನನ ಕೈ ಎತ್ತಿ ಅರಿಶಿನದ ಕೊಂಬಿನ ದಾರಕ್ಕೆ ಮುಟ್ಟಿಸಿ ಗಿಡಕ್ಕೆ ಕಟ್ಟಿದರು. ಎಲ್ಲರೂ ಅಕ್ಷತೆ ಹಾಕಿದರು. ನಿನ್ನ ತಲೆಯ ಮೇಲೂ ಬಿತ್ತು. ಊಟಕ್ಕೂ ನಿಲ್ಲದೆ "ಅಣ್ಣ, ಶಿರಾ ಬಸ್ ಐತೆ, ಬತ್ತೀನಿ" ಎಂದು ಹೊರಟೆ. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಆ ಹೊತ್ತಿಗೆ ಶಿರಾ ಕಡೆಗೆ ಬಸ್ಸೇ ಇರಲಿಲ್ಲ.

ಈ ಶ್ರಾವಣದಲ್ಲಿ ಮನೆಗೆ ಸುಣ್ಣ ಬಳಿಸುವಾಗ ಅವನ ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿದೆ. ಸೆಂಟು, ವಾಚು, ಒಳ್ಳೆಯ ಷರಟುಗಳನ್ನು ತಿಮ್ಮರಾಜು ಆಗಲೇ ಆರಿಸಿಕೊಂಡು ಹೋಗಿದ್ದ. ಅವನಿಗೆ ಬೇಡವಾಗಿ ಉಳಿದದ್ದು ಡೈರಿಗಳು. ಇನ್ನೊಬ್ಬರ ಡೈರಿ ಓದುವುದು ಬ್ಯಾಡ್ ಮ್ಯಾನರ್ಸ್. ಗೊತ್ತು. ಓದಿದೆ.

ನದೀಮ, ನಿಮ್ಮ ಮಸ್ಕತ್ತಿನ ಮನೆಯಲ್ಲಿ ಎರಡು ಮಂಚವಂತೆ. ಎರಡನೆಯದರ ಮೇಲೆ ಯಾವಾಗಲೂ ಇಸ್ತ್ರಿ ಮಾಡಿದ ಬಟ್ಟೆಯ ರಾಶಿ. ಮನೆ ಮಾಲೀಕ ಬಾಗಿಲು ಬಡಿದರೆ ರಾಶಿಯನ್ನು ಬಾಚಿ ಬೀರುವಿಗೆ ತುಂಬಿ, ದಿಂಬು ಹಾಕಿ, ದಿಂಬನ್ನು ಗುದ್ದಿ ತಲೆಯ ಗುರುತು ಮಾಡುವುದು ನಿನ್ನ ಕೆಲಸ! ಇದನ್ನು ಓದಿ ನಕ್ಕೆ. ನಕ್ಕ ಮೇಲೆ ಮೈ ಉರಿಯಿತು. ತನ್ನ ಮನೆಯ ದಿಂಬಿಗೆ ತಾನೇ ಸುಳ್ಳು ಕಲಿಸಿಕೊಂಡು ಬದುಕಬೇಕೇ ಮನುಷ್ಯ? ಜಾರ್ಜಿಯಾ ಎಂಬ ದೇಶಕ್ಕೆ ಹಿಮ ನೋಡಲು ಹೋದಿರಂತೆ. ಹೋಟೆಲಿನವಳು ಎರಡು ಹಾಸಿಗೆಯೋ ಒಂದೋ ಎಂದು ಕೇಳಿದಾಗ ಪ್ರಸನ್ನ ಬೆವತನಂತೆ, ಆ ಚಳಿಯಲ್ಲಿ. ನೀನು "ಒಂದೇ ಸಾಕು ಮೇಡಂ, ನಮ್ಮ ದೊಡ್ಡವರಿಗೆ ಒಬ್ಬರೇ ಮಲಗಿದ್ರೆ ದೆವ್ವದ ಭಯ" ಅಂದೆಯಂತೆ. ಅವತ್ತು ಸಾಯಂಕಾಲ ಬೀದಿಯಲ್ಲಿ ಕೈ ಹಿಡಿದುಕೊಂಡು ನಡೆದಿರಿ ಎಂದು ಬರೆದಿದ್ದಾನೆ. ಅಷ್ಟೇ. ಕೈ ಹಿಡಿದುಕೊಂಡು ನಡೆದೆವು. ಅದರ ಕೆಳಗೆ ಮತ್ತೇನೂ ಬರೆಯದೆ ಪುಟ ಬಿಟ್ಟಿದ್ದಾನೆ. ನಮ್ಮ ಮಧುಗಿರಿಯಲ್ಲಿ ಗಂಡಸರು ಕಿರುಬೆರಳು ಹೆಣೆದುಕೊಂಡು ಸಂತೆ ಸುತ್ತುತ್ತಾರೆ, ಹೆಗಲ ಮೇಲೆ ಕೈ ಹಾಕಿಕೊಂಡು ಬಸ್ಸು ಕಾಯುತ್ತಾರೆ. ಯಾರೂ ಕತ್ತೆತ್ತಿ ನೋಡುವುದಿಲ್ಲ. ಆ ಕೈಯಲ್ಲಿ ನಿಜವಾಗಿ ಏನಾದರೂ ಇದ್ದರೆ ಮಾತ್ರ ತಪ್ಪು. ಖಾಲಿ ಕೈ ಹಿಡಿದರೆ ಮರ್ಯಾದೆ. ಇದು ಯಾವ ಜಸ್ಟೀಸು?

ಓದಿ ಮುಗಿಸಿ ಶಿರಾಕ್ಕೆ ಹೋಗಿ ಅಮೀರ್ ಬಿ ಅವರನ್ನು ಕಂಡೆ. ಆ ತಾಯಿಗೆ ಏನೂ ಗೊತ್ತಿಲ್ಲ. ನಾನೂ ಹೇಳಲಿಲ್ಲ, ಅದು ನಿನ್ನ ಮಾತು, ನೀನೇ ಹೇಳಬೇಕಾದದ್ದು. ಟೀ ಕೊಟ್ಟು ಅವರೇ ಶುರು ಮಾಡಿದರು. "ನಿಮ್ಮೂರಿಂದ ಬಂದೋನು ಅನ್ನಾನೇ ಮುಟ್ಟಿಲ್ಲ ಭಾಯ್‌ಸಾಬ್. ಕೈ ತೊಳೆಯೋದು, ಕೂರೋದು, ಮತ್ತೆ ಕೈ ತೊಳೆಯೋದು. ಏನಾಯ್ತೋ ಅಂದ್ರೆ, ‘ದೋಸ್ತ್ ಕಿ ಶಾದಿ ಥೀ, ಆಪಾ’ ಅಂತಾನೆ! ಸಾವಿಗೆ ಹೋಗಿ ಬಂದು ದೋಸ್ತನ ಮದ್ವೆ ಇತ್ತು ಅಂತಾನಲ್ಲ, ಗಾಳಿ ಏನಾದ್ರೂ ತಗಲ್ತಾ ಅಂತ ದರ್ಗಾದಲ್ಲಿ ತಾಯತ ಕಟ್ಟಿಸ್ದೆ."

ಟೀ ಲೋಟ ಅಲ್ಲೇ ಇಟ್ಟು ಎದ್ದುಬಂದೆ ಕಣಯ್ಯ.

ಶಿರಾದಿಂದ ಬಂದವನು ಮನೆಗೆ ಹೋಗಲಿಲ್ಲ. ನೇರ ಊರಿನ ಹೊಲಕ್ಕೆ, ಪ್ರಸನ್ನನನ್ನು ಮಣ್ಣು ಮಾಡಿದ ಜಾಗಕ್ಕೆ ಹೋದೆ. ತಲೆಯ ಕಡೆ ನೆಟ್ಟಿದ್ದ ಎಕ್ಕ ನನ್ನೆದೆಯೆತ್ತರ ಬೆಳೆದು, ಹೂ ಬಿಟ್ಟು, ದೊಡ್ಡ ಮನೆತನದ ಸೊಸೆಯ ಹಾಗೆ ನಿಂತಿತ್ತು. ಕಳೆಗುಂದಿದ ಆ ದಾರ ಇನ್ನೂ ಅದರ ಕಾಂಡಕ್ಕೆ ಕಚ್ಚಿಕೊಂಡಿತ್ತು. ಎರಡೂ ಕೈ ಹಾಕಿ ಎಳೆದೆ. ಅದು ಸುಲಭಕ್ಕೆ ಬರುವ ಜಾತಿಯಲ್ಲ. ಕೊಂಬೆ ಮುರಿದು ಕಣ್ಣಿಗೆ ಹಾಲು ಸಿಡಿಯಿತು. ಉರಿ ಎಂದರೆ ಉರಿ. ಬಿಡಲಿಲ್ಲ. ಬೇರು ಕಿತ್ತು ಬದುವಿನ ಆಚೆ ಎಸೆದೆ.

ಮಾರನೆಯ ದಿನವೇ ಪಂಚಾಯ್ತಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅರಳಿಕಟ್ಟೆಯ ಮೇಲೆ ಕೂತೆ.

"ನಿಂಗೇನ್ಲಾ ಬಂದಿರಾದು?" ಎಂದು ಚಿಕ್ಕಪ್ಪ ಕೋಲು ಕುಟ್ಟಿದರು. "ತಾಳಿ ಕಟ್ಟಿಸ್ಕೊಂಡಿರೋ ಗಿಡ ಅದು!"

"ಕಟ್ಟಿದ್ದು ಅವನಲ್ಲ. ಉಸಿರಿಲ್ಲದ ಕೈ ಹಿಡ್ಕೊಂಡು ನೀವು ಕಟ್ಟಿದ್ದು" ಅಂದೆ.

ಹಿಂದಿನಿಂದ ಯಾವಳೋ, "ಅಯ್ಯೋ, ತಮ್ಮನ್ ಎಂಡ್ತೀನ ಜುಟ್ಟು ಹಿಡ್ದು ಎಳ್ದಾಕವ್ನೆ ಕಣಮ್ಮ!" ಅಂದಳು. ಎಲ್ಲರೂ ಗೊಳ್ಳೆಂದರು.

"ನಗ್ರವ್ವ, ನಗ್ರಿ. ನಾನೂ ಹೆಂಡ್ತಿ ಕಳ್ಕೊಂಡೋನು. ಇವತ್ತಿಂದ ಅವನೂ ನನ್ನ ಪಾರ್ಟಿ."

"ಬಾವಂಗೆ ಒಬ್ರೇ ಇದ್ದೂ ಇದ್ದೂ ತಲೆ ಕೆಟ್ಟೈತೆ" ಎಂದು ತಿಮ್ಮರಾಜು ಎದ್ದ.

ನನಗೆ ತಡೆಯಲಿಲ್ಲ. "ಪ್ರಸನ್ನಂಗೆ ಸಂಸಾರ ಇತ್ತು ಕಣ್ರಯ್ಯ" ಅಂದೆ. "ಇವತ್ತು ನೆನ್ನೆಯದಲ್ಲ. ನಿಮ್ಮಲ್ಲಿ ಎಷ್ಟೋ ಜನಕ್ಕಿಂತ ಚೆನ್ನಾಗಿ ಬಾಳಿದಾನೆ."

"ಯಾರ್ಲಾ ಅವ್ಳು? ನಮ್ಗೇಳ್ದೆ?" ಎಂದು ಚಿಕ್ಕಪ್ಪ ಬಾಯಿ ಬಿಟ್ಟರು.

ನಾನು ಹೆಸರು ಹೇಳಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ನೀನು ಆ ದೇಶದಲ್ಲಿ ದುಡಿಯಬೇಕು, ನಿಮ್ಮಕ್ಕ ಶಿರಾದಲ್ಲಿ ಬಾಳಬೇಕು.

ಸಭೆ ಎದ್ದ ಮೇಲೆ ತಿಮ್ಮರಾಜು ನನ್ನನ್ನು ಪಕ್ಕಕ್ಕೆ ಕರೆದ. ದನಿ ತಗ್ಗಿಸಿ ಏನಂದ ಗೊತ್ತೇ? "ಬಾವ, ನಂಗೂ ಗೊತ್ತು ಬುಡಿ. ಸೂಟ್‌ಕೇಸ್ನಾಗೆ ಫೋಟೋಗಳ್ನ ನೋಡಿ ಒಲೆಗಾಕಿವ್ನಿ. ಅದೂ ಸಾಬ್ರೋನು ಬೇರೆ! ಅದ್ಕೇ ಹೇಳಾದು, ಆ ಗಿಡ ಇರ್ಲಿ. ಗಿಡ ಇದ್ರೆ ಮನೆ ಮರ್ವಾದೆ."

ಫೋಟೋ ಸುಟ್ಟಿದ್ದಾನೆ, ನದೀಮ. ವಾಚು ಕಟ್ಟಿಕೊಂಡು ಓಡಾಡುತ್ತಾನೆ, ಫೋಟೋ ಸುಟ್ಟಿದ್ದಾನೆ. ಅವನ ಷರಟು ಆಗಬಹುದು, ಅವನ ಸೆಂಟು ಆಗಬಹುದು, ಅವನ ಮನುಷ್ಯ ಮಾತ್ರ ಆಗುವುದಿಲ್ಲ. ಮನುಷ್ಯನಿಗಿಂತ ಗಿಡ ಮೇಲು ಎನ್ನುವ ಮರ್ಯಾದೆಗೆ ಬೆಂಕಿ ಬೀಳಲಿ ಅಂದೆ. ಜೋರಾಗಿಯೇ ಅಂದೆ. ಕಟ್ಟೆಯ ಮೇಲಿದ್ದ ಕಾಗೆಗಳೂ ಎದ್ದವು.

ಈಗ ಊರಿನವರ ತೀರ್ಮಾನ ಇಷ್ಟು. ವರ್ಷದ ತಿಥಿಗೆ ಮುಂಚೆ ನಾನೇ ಹೊಸ ಎಕ್ಕದ ಗಿಡ ನೆಟ್ಟು ತಪ್ಪು ಕಾಣಿಕೆ ಕಟ್ಟಬೇಕು. ಇಲ್ಲದಿದ್ದರೆ ನಮ್ಮ ಮನೆಯ ಎಡೆಗೆ ಯಾರೂ ಬರುವುದಿಲ್ಲ. ಬರಬೇಡಿ ಅಂದಿದ್ದೇನೆ. ದಿಸ್ ಈಸ್ ಫೈನಲ್.

ನೀನು ಬಾ. ಕಾರ್ತೀಕಕ್ಕೆ ಇನ್ನೂ ದಿನವಿದೆ, ರಜೆ ಹಾಕು. ಸತ್ತವನಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವುದು ನಮ್ಮ ಪದ್ಧತಿ. ಹನ್ನೊಂದನೇ ದಿನ ಇವರು ಬಾಟಲಿ, ಸಿಗರೇಟು, ತಲೆಮಾಂಸ ಇಟ್ಟರು. ಅವನು ಮಾಂಸ ಬಿಟ್ಟು ಎಷ್ಟೋ ಕಾಲವಾಗಿತ್ತು ಎಂದು ಡೈರಿ ಓದಿದ ಮೇಲೆ ನನಗೆ ತಿಳಿಯಿತು. ಏನು ತಿನ್ನುತ್ತಿದ್ದ, ಉಪ್ಪು ಎಷ್ಟು, ಯಾವುದಕ್ಕೆ ಮುಖ ಸಿಂಡರಿಸುತ್ತಿದ್ದ, ಇದೆಲ್ಲ ಗೊತ್ತಿರುವವನು ಭೂಮಿಯ ಮೇಲೆ ನೀನೊಬ್ಬನೇ. ಒಲೆ ನಾನು ಹಚ್ಚುತ್ತೇನೆ, ಅಡುಗೆ ನೀನು ಮಾಡು. ಯಾರಾದರೂ ಬಾಗಿಲಿಗೆ ಬಂದು ಇವನ್ಯಾರು ಎಂದು ಕೇಳಿದರೆ, ನೀನು ಏನು ಹೇಳು ಅನ್ನುತ್ತೀಯೋ ಅದನ್ನು ಹೇಳುತ್ತೇನೆ. ಏನೂ ಹೇಳಬೇಡ ಎಂದರೆ ಬಾಯಿ ಮುಚ್ಚಿಕೊಂಡಿರುತ್ತೇನೆ. ಆದರೆ ಎಡೆ ಇಡುವ ಕೈ ನಿನ್ನದು. ಅದರಲ್ಲಿ ನೋ ಕಾಂಪ್ರಮೈಸ್.

ದೇವರು ನಿನಗೆ ಆಯುಸ್ಸು, ಆರೋಗ್ಯ, ಬಾಗಿಲು ಬಡಿದರೂ ಏಳಬೇಕಾಗಿಲ್ಲದಂಥ ನಿದ್ದೆ ಕೊಡಲಿ. ಅಮೀರ್ ಬಿ ಅವರು ಕಟ್ಟಿಸಿದ ತಾಯತ ಬಿಚ್ಚಬೇಡ, ಪ್ರೀತಿಯಿಂದ ಕಟ್ಟಿಸಿದ್ದು.

ಇಂತಿ ನಿನ್ನ ಅಣ್ಣ,
ಜಯರಾಮಯ್ಯ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನನ್ನ ಹೆಂಡತಿ ಅಶ್ವತ್ಥಮ್ಮ ತೀರಿಕೊಂಡ ದಿನದ ಪುಟವನ್ನೂ ಓದಿದೆ. "ಅತ್ತಿಗೆ ಹೋದಳು. ಆ ಮನೆಯಲ್ಲಿ ನಮ್ಮ ವಿಷಯ ಗೊತ್ತಿದ್ದದ್ದು ಅವಳೊಬ್ಬಳಿಗೇ. ಇನ್ನು ಅಲ್ಲಿ ನನಗೆ ಯಾರೂ ಇಲ್ಲ" ಎಂದು ಬರೆದಿದ್ದಾನೆ. ಯಾರೂ ಇಲ್ಲವಂತೆ! ನಾನಿದ್ದೆನಲ್ಲಪ್ಪ ಆ ಮನೆಯಲ್ಲಿ. ಅವಳು ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಪಕ್ಕದಲ್ಲೇ ಮಲಗಿ ಎದ್ದಳು, ಇವನು ವಾರವಾರ ಫೋನ್ ಮಾಡಿ ಮಳೆ ಬಂತಾ ಅಣ್ಣ ಎಂದು ಕೇಳಿದ. ಹೇಳಿದ್ದರೆ ನಾನು ಏನು ಮಾಡಿಬಿಡುತ್ತಿದ್ದೆ ಎಂದು ಇಬ್ಬರೂ ಹೆದರಿದರು? ಕೇಳೋಣವೆಂದರೆ ಬರೆದವನೂ ಇಲ್ಲ, ಮುಚ್ಚಿಟ್ಟವಳೂ ಇಲ್ಲ. ನಾನು ಜಗಳ ಆಡಬಹುದಾದವನು ನೀನೊಬ್ಬ ಉಳಿದಿದ್ದೀಯ. ಅದಕ್ಕಾದರೂ ಬಾ.