ಹನ್ನೊಂದು ಖಾಲಿ ಮೊಳೆಗಳನ್ನು ಎಣಿಸಿದವರಿಗೆ

ಮಾನ್ಯ ತನಿಖಾಧಿಕಾರಿಗಳೇ,

ನಮ್ಮ ಮೇಷ್ಟ್ರನ್ನು ತಾವು ಕಳ್ಳ ಎಂದು ಬರೆದಿದ್ದೀರಿ. ಅದಕ್ಕೇ ಈ ಪತ್ರ. ತಮ್ಮ ಕುಶಲ ವಿಚಾರಿಸುವ ಮನಸ್ಸಿಲ್ಲ.

ಶಾಲೆಯ ಹಿಂದಿನ ಕೋಣೆಯಲ್ಲಿ ಮೇಷ್ಟ್ರು ಹದಿನೆಂಟು ವರ್ಷ ಒದ್ದಾಡಿ ಕಟ್ಟಿದ ಊರಿನ ಮ್ಯೂಸಿಯಂನಲ್ಲಿ ತಾವು ನಿಂತದ್ದು ಹತ್ತೇ ನಿಮಿಷ. ಅಷ್ಟರಲ್ಲಿ ಗೋಡೆಯ ಹನ್ನೊಂದು ಖಾಲಿ ಮೊಳೆ ಎಣಿಸಿ, 'ಹನ್ನೊಂದು ವಸ್ತುಗಳ ಕಳವು' ಎಂದು ವರದಿ ಬರೆದು, ಮೇಷ್ಟ್ರನ್ನು ಅಮಾನತು ಮಾಡಿಸಿ, ಕೋಣೆಗೆ ಬೀಗ ಜಡಿದಿರಿ. ಆಹಾ, ಏನು ಚುರುಕು! ಸೋರುವ ಮಾಡಿನ ಬಗ್ಗೆ ಕೊಟ್ಟ ಅರ್ಜಿ ಆರು ವರ್ಷದಿಂದ ತಮ್ಮ ಕಚೇರಿಯಲ್ಲೇ ನಿದ್ದೆ ಮಾಡುತ್ತಿದೆಯಲ್ಲ, ಅದಕ್ಕೂ ಸ್ವಲ್ಪ ಈ ಚುರುಕು ಮುಟ್ಟಿಸಬಾರದಿತ್ತೇ?

ನಮ್ಮ ಮ್ಯೂಸಿಯಂನ ಪದ್ಧತಿಯೇ ಬೇರೆ. ಊರಿನವರು ಬೇಕಾದಾಗ ವಸ್ತುವನ್ನು ಮನೆಗೆ ಒಯ್ಯಬಹುದು. ಮೊಳೆಯ ಕೆಳಗೆ ಸೀಮೆಸುಣ್ಣದಲ್ಲಿ ಬರೆದಿಡಬೇಕು, ಅಷ್ಟೇ. 'ಸೂಲಗಿತ್ತಿಯ ತಕ್ಕಡಿ: ದರ್ಜಿಯ ಮೊಮ್ಮಗಳನ್ನು ತೂಗಲು.' 'ಉದ್ದ ಗರಗಸ: ಬಡಗಿ ತಾತನ ಹತ್ತಿರ.' ಮೊದಮೊದಲು ನಾನೂ ಕೇಳಿದ್ದೆ, "ಏನ್ ಮೇಷ್ಟ್ರೇ, ಮ್ಯೂಸಿಯಂ ಸಾಮಾನು ಯಾರಾದ್ರೂ ಹೀಗೆ ಕೊಟ್ ಕಳಿಸ್ತಾರಾ?" ಅವರು ನಕ್ಕು, "ಬಿಡಿ ಅಕ್ಕಾ, ಕೆಲಸ ಮಾಡೋ ಸಾಮಾನಿಗೆ ತುಕ್ಕು ಹಿಡಿಯಲ್ಲ" ಅಂದಿದ್ದರು.

ಅವರು ಇದನ್ನೇ ವಿವರಿಸಹೋದರೆ ತಾವು "ದಾಖಲೆ ತೋರಿಸಿ" ಎಂದು ಗದರಿದಿರಿ. ದಾಖಲೆ ಎಲ್ಲಿಂದ ಬರಬೇಕು? 'ಪರಿಶೀಲನೆಯ ದಿನ ಗೋಡೆಗಳ ಮೇಲೆ ಯಾವುದೇ ಬರಹ ಇರತಕ್ಕದ್ದಲ್ಲ' ಎಂಬ ಸುತ್ತೋಲೆ ಕಳಿಸಿದವರು ತಾವೇ ಅಲ್ಲವೇ? ಮೇಷ್ಟ್ರು ಪಾಠದಲ್ಲಿದ್ದರು. ಶಾಲೆಯ ಆಯಾ ಆದ ನಾನು, ದೊಡ್ಡವರು ಬರುತ್ತಾರೆಂಬ ಸಡಗರದಲ್ಲಿ, ಒದ್ದೆ ಬಟ್ಟೆ ಹಿಡಿದು ಮೊಳೆಗಳ ಕೆಳಗಿನ ಬರಹವನ್ನೆಲ್ಲ ಒರೆಸಿಬಿಟ್ಟೆ. ನನಗೇನು ಮಂಕು ಬಡಿದಿತ್ತೋ! ಆಮೇಲೆ ಮೇಷ್ಟ್ರ ಮುಂದೆ ಅತ್ತರೆ, "ನಿಮ್ ಹೆಸರು ಬಂದ್ರೆ ನಿಮ್ ಕೆಲಸಾನೂ ಹೋಗುತ್ತೆ, ಸುಮ್ನಿರಿ ಅಕ್ಕಾ" ಅಂದರು. ಇಪ್ಪತ್ತು ದಿನ ಹೇಡಿಯ ಹಾಗೆ ಸುಮ್ಮನಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಿನ್ನೆ ಅಂಗಡಿಯ ಮುಂದೆ ಯಾರೋ "ಬಂದ್ರಪ್ಪಾ ಕಳ್ಳ ಮೇಷ್ಟ್ರು" ಅಂದರು. ಮೇಷ್ಟ್ರು ಕೇಳಿಸದವರಂತೆ ತಲೆ ತಗ್ಗಿಸಿ ನಡೆದರು. ನಾನು ಅಲ್ಲಿಂದಲೇ ಸಾಮಾನು ಒಯ್ದವರ ಮನೆಮನೆಗೆ ಹೋದೆ.

ಸೋಮವಾರ ತಮ್ಮ ಕಚೇರಿಯಲ್ಲಿ ವಿಚಾರಣೆಯಂತೆ. ಹನ್ನೊಂದು ಮನೆಯವರೂ ತಂತಮ್ಮ ಬಳಿಯಿರುವ ವಸ್ತು ಹೊತ್ತು ಬರುತ್ತೇವೆ. ಮೇಜು ಖಾಲಿ ಮಾಡಿಸಿಡಿ. ಗರಗಸ ಉದ್ದವಿದೆ, ಬಾಗಿಲೂ ಪೂರ್ತಿ ತೆರೆದಿರಲಿ. ಎಲ್ಲವನ್ನೂ ಮುಟ್ಟಿ ನೋಡಿ, ಎಣಿಸಿ. ಎಣಿಸುವುದು ತಮಗೆ ಚೆನ್ನಾಗಿ ಬರುತ್ತದೆ. ಆಮೇಲೆ ಬೀಗ ತೆಗೆಸಿ, ವರದಿಯಲ್ಲಿ ಮೇಷ್ಟ್ರ ಹೆಸರು ಹೊಡೆದುಹಾಕಿ. ಆ ಜಾಗಕ್ಕೆ ಯಾರದಾದರೂ ಹೆಸರು ಬೇಕೇಬೇಕೆಂದರೆ ನನ್ನದನ್ನು ಬರೆದುಕೊಳ್ಳಿ. ಮೇಷ್ಟ್ರು ಬಚ್ಚಿಟ್ಟದ್ದು ಅದೊಂದನ್ನೇ.

ಇಂತಿ,
ತಮ್ಮ ಸುತ್ತೋಲೆಯನ್ನು ಚಾಚೂ ತಪ್ಪದೆ ಪಾಲಿಸಿ ಕೆಟ್ಟವಳು