ಓದುವವಳು, ಗೀಟು ಹಾಕುವವಳು

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಈ ಕಾಗದವನ್ನು ನಿನ್ನ ತಂಗಿ ಓದಿ ಹೇಳುತ್ತಿರುತ್ತಾಳೆ, ನೀನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೇಳುತ್ತಿರುತ್ತೀಯ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಒಂಬತ್ತು ವರ್ಷ ಅಚ್ಚುಮನೆಯ ಒಂದೇ ಮೇಜಿನಲ್ಲಿ ಎದುರುಬದುರು ಕೂತು ಪ್ರೂಫ್ ತಿದ್ದಿದವರು ನಾವು. ನಾನು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದೆ, ನೀನು ಅಚ್ಚಾದ ಹಾಳೆಯ ಮೇಲೆ ಗೀಟು ಹಾಕುತ್ತಿದ್ದೆ. ಕೇಳಿಸಿಕೊಳ್ಳುವುದರಲ್ಲಿ ನಿನ್ನಷ್ಟು ಪಳಗಿದವರು ಇನ್ನೊಬ್ಬರಿಲ್ಲ. ನಿನ್ನ ಕುರ್ಚಿ ನಿನಗೇ ಉಳಿಯುತ್ತದೆಯೇ ಎಂದು ಹೇಳಿ ಕಳಿಸಿದ್ದೀಯ. ಅಲ್ಲಿಗೇ ಬರುತ್ತೇನೆ, ಸ್ವಲ್ಪ ತಡಿ.

ಪ್ರವಾಸದ ಫೋಟೋಗಳು ಬಂದಿವೆ. ಬೆನ್ನ ಮೇಲೆ ನಿನಗಿಂತ ದೊಡ್ಡ ಚೀಲ ಹೇರಿಕೊಂಡು ನೀನು ಹಲ್ಲು ಕಿರಿಯುತ್ತಿರುವುದು ಒಂದಿದೆ. ಎಂಟು ಜನ ಮಲಗುವ ಕೋಣೆಯಲ್ಲಿ, ಹೊರಳಿದರೆ ಕಿರುಗುಟ್ಟುವ ಮಂಚದ ಮೇಲಂತಸ್ತಿಗೆ ಹತ್ತಲಾರದೆ ಏಣಿಗೆ ಜೋತುಬಿದ್ದಿರುವುದು ಇನ್ನೊಂದು. ನಲವತ್ತಾಗ್ತಾ ಬಂದ ಹೆಂಗಸರಿಗೆ ಇದೆಲ್ಲ ಬೇಕಾ ಅಂತ ನಿನ್ನಮ್ಮ ಕೇಳಿದ್ದರಲ್ಲ. ನನಗೆ ಬೇಕಿತ್ತು ಗುಬ್ಬಿ. ಆ ದ್ವೀಪದ ಚಿತ್ರವನ್ನು ಮೂರು ವರ್ಷ ಮೇಜಿನ ಗಾಜಿನಡಿ ಇಟ್ಟುಕೊಂಡು, ಒಂದೊಂದೇ ರಜೆ ಉಳಿಸಿದವಳು ನಾನು. ನೀನು ಜೊತೆಗೆ ಬಂದವಳು ಅಷ್ಟೆ.

ಆರನೇ ದಿನ ನಿನ್ನ ಹೊಟ್ಟೆ ಕೆಟ್ಟಿತು, ಜೊತೆಗೆ ಜ್ವರ. ಬೀದಿ ನಲ್ಲಿಯ ನೀರು ಕುಡಿಯಬೇಡ ಎಂದು ಬಡಕೊಂಡಿದ್ದೆ, ಕೇಳಲಿಲ್ಲ. ದ್ವೀಪದ ದೋಣಿ ವಾರಕ್ಕೊಂದೇ, ಅವತ್ತು ಎರಡು ಗಂಟೆಗೆ. ಬಂದರಿನ ಪಕ್ಕದ ಒಂದು ಕೋಣೆಯ ಆಸ್ಪತ್ರೆಯಲ್ಲಿ ನರ್ಸ್ ಫಾರಂ ಕೊಟ್ಟಳು. ನಿನ್ನ ಕನ್ನಡಕ ಚೀಲದ ತಳದಲ್ಲೆಲ್ಲೋ ಇತ್ತು. ಅಭ್ಯಾಸಬಲ, ನಾನು ಓದಿದೆ, ನಾನು ಬೆರಳಿಟ್ಟ ಕಡೆ ನೀನು ಗೀಟು ಹಾಕಿದೆ. ಎಲ್ಲಾ ಓದಿದ್ಯಾ ಕಣೆ ಅಂತ ನೀನು ಒಂದು ಸಲ ಕೇಳಿದೆ. ಓದಿದೆ ಕಣೆ ಅಂದೆ. ಸಹಿ ಮಾತ್ರ ನಿನ್ನದು. ನರ್ಸ್ ಗುಳಿಗೆ ಕೊಟ್ಟಳು, ದೋಣಿಯೂ ಸಿಕ್ಕಿತು.

ದ್ವೀಪದಲ್ಲಿ ನಿನ್ನ ತುಟಿಯ ಮೇಲೆ ಬೊಬ್ಬೆ ಎದ್ದಾಗ ಬಿಸಿಲಿಗೆ ಅಂತ ನಾನಂದೆ. ಕಣ್ಣು ಉರಿ ಅಂದಾಗ ಉಪ್ಪುನೀರು ಅಂದೆ. ಕೋರ್ಸ್ ಮುಗಿಸಬೇಕು, ಗುಳಿಗೆ ತಪ್ಪಿಸಬೇಡ ಅಂತ ನೀರು ತಂದುಕೊಟ್ಟವಳೂ ನಾನೇ, ಅಷ್ಟಾದರೂ ನೆನಪಿಟ್ಟುಕೋ. ಆಮೇಲೆ ನಾನು ಈಜಲು ಹೋದೆ. ಹಿಂದೊಮ್ಮೆ ಅಚ್ಚುಮನೆಯಲ್ಲಿ ಯಾವುದೋ ಮಾತ್ರೆ ನುಂಗಿ ಮುಖ ಬುರಬುರನೆ ಊದಿದಾಗ ನಿನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಓಡಿದ್ದೆನಲ್ಲ, ಅದೇ ಮದ್ದು ಬೇರೆ ಹೆಸರಿನಲ್ಲಿ ಈ ಗುಳಿಗೆಯಲ್ಲಿತ್ತಂತೆ. ದೊಡ್ಡ ಆಸ್ಪತ್ರೆಯವರು ಅದನ್ನು ಹೇಳುವ ಹೊತ್ತಿಗೆ ನನ್ನ ರಜೆ ಮುಗಿದಿತ್ತು. ನಿನ್ನ ತಂಗಿ ಬಂದು ಇಳಿಯುವ ಹಿಂದಿನ ದಿನ ಹೊರಟುಬಂದೆ. ಅಲ್ಲಿ ಕೂತಿದ್ದರೆ ನಿನ್ನ ಕಣ್ಣು ವಾಪಸ್ ಬರುತ್ತಿತ್ತೇ?

ಈಗ ಕುರ್ಚಿಯ ವಿಷಯ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಲು ನನಗೆ ಬರುವುದಿಲ್ಲ. ಅಚ್ಚುಮನೆಯ ಯಜಮಾನರು ನನ್ನನ್ನು ಕರೆದು, ಗುಬ್ಬಿಗೆ ಆಪರೇಷನ್ ಆಗೋವರೆಗೆ ಆರು ತಿಂಗಳು ಕಾಯೋಣವಾ, ನೀನು ಹೇಳಿದ ಹಾಗೇ ಮಾಡೋಣ ಅಂದರು. ಕಣ್ಣಾರೆ ನೋಡದೆ ಗೀಟು ಹಾಕಿದ್ದು ನನ್ನದೇ ತಪ್ಪು ಅಂತ ನೀನೇ ಅವರಿಗೆ ಹೇಳಿದ್ದೀಯಂತೆ. ನೋಡದೆ ಗೀಟು ಹಾಕೋರು ಪ್ರೂಫ್ ಕೆಲಸಕ್ಕೆ ಆಗಲ್ಲ ಸರ್, ಕಾಯೋದು ಬೇಡ ಅಂತ ನಾನಂದೆ. ಹೊಸಬಳು ನಾಳೆಯಿಂದ ಬರುತ್ತಾಳೆ. ನಿನ್ನ ಕುರ್ಚಿಯ ದಿಂಬು, ಕೆಂಪು ಪೆನ್ನುಗಳು, ಟೀ ಲೋಟ ಇವನ್ನೆಲ್ಲ ಕಟ್ಟಿ ಈ ಕಾಗದದ ಜೊತೆಗೇ ಕಳಿಸಿದ್ದೇನೆ.

ಕಲ್ಲೆದೆಯವಳು ಅಂದುಕೋ. ನಿಜ ಹೇಳಬೇಕೆಂದರೆ ನನಗೆ ನಿನ್ನ ಭಯ. ನೀನು ಎದುರಿಗೆ ಕೂತು ಪ್ರತಿ ಹಾಳೆಯ ಕೊನೆಗೆ ಎಲ್ಲಾ ಓದಿದ್ಯಾ ಅಂತ ಕೇಳುತ್ತೀಯ. ಅದನ್ನು ಇನ್ನು ದಿನವೂ ಕೇಳಿಸಿಕೊಳ್ಳಲು ನನ್ನಿಂದಾಗದು. ಒಳ್ಳೆಯ ಡಾಕ್ಟರನ್ನು ನೋಡು, ಪಟ್ಟಿ ಒದ್ದೆ ಮಾಡಿಕೊಳ್ಳಬೇಡ.

ಇಂತಿ ನಿನ್ನ,
ಕೊಕ್ಕರೆ

ಚಿಕ್ಕವಳೇ, ಗಟ್ಟಿಯಾಗಿ ಓದುವುದನ್ನು ಇಲ್ಲಿಗೆ ನಿಲ್ಲಿಸು. ಇದು ನಿನಗೆ ಮಾತ್ರ. ಆಗಿಬರದ ಮದ್ದು ಯಾವುದಾದ್ರೂ ಇದೆಯಾ ಅಂತ ಆ ಫಾರಂನಲ್ಲಿ ಕೇಳಿರಲೇ ಇಲ್ವಾ ಅಕ್ಕಾ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಕೇಳಿದ್ದರು, ಏಳನೇ ಪ್ರಶ್ನೆ. ನಮಗಿಂತ ಮುಂದಿದ್ದ ಮುದುಕ ಅದಕ್ಕೆ ಹೌದು ಎಂದು ಗೀಟು ಹಾಕಿದ. ಸಂಜೆ ಡಾಕ್ಟರು ಬರುವವರೆಗೆ ನರ್ಸ್ ಅವನನ್ನು ಬೆಂಚಿನ ಮೇಲೆ ಕೂರಿಸಿದಳು. ಆಗ ಒಂದು ಗಂಟೆಯಾಗಿತ್ತು. ನಾನು ಆರನೆಯದಾದ ಮೇಲೆ ಎಂಟನೆಯದನ್ನು ಓದಿದೆ, ಬೆರಳನ್ನು ಮಾತ್ರ ಮೊದಲು ಏಳರ ‘ಇಲ್ಲ’ದ ಮೇಲೆ ಇಟ್ಟೆ. ನಿನ್ನಕ್ಕ ಗೀಟು ಹಾಕಿದಳು. ಈಗ ನೀನು ಸುಮ್ಮನಾದ ಕೂಡಲೇ ಎಲ್ಲಾ ಓದಿದ್ಯಾ ಅಂತ ಕೇಳುತ್ತಾಳೆ. ಓದಿದೆ ಅನ್ನು. ನಂಬುತ್ತಾಳೆ.